ತೇಗದ ಹಲಗೆಯಲ್ಲಿ ಕಮಲ: ಎರಡು ಕಡೆಯ ಎಸಳು ಮಾತ್ರ ಚಕ್ಕೆ ಏಳುತ್ತಿದೆ

ಪ್ರಶ್ನೆ:
ಉಬ್ಬುಕೆತ್ತನೆ ಶುರು ಮಾಡಿ ಎರಡು ತಿಂಗಳಾಯಿತು. ಹಳೇ ಕಿಟಕಿಯ ತೇಗದ ಹಲಗೆ ಸಿಕ್ಕಿತ್ತು, ಅದರ ಮೇಲೆ ಎಂಟೆಸಳಿನ ಕಮಲ ಬರೆದು ಸುತ್ತಲಿನ ನೆಲವನ್ನು 8 ಮಿಲಿಮೀಟರ್ ಇಳಿಸುತ್ತಿದ್ದೇನೆ. ಎಡ ಮೇಲಿನ ಮತ್ತು ಬಲ ಕೆಳಗಿನ ಎಸಳುಗಳ ಅಂಚು ಮಾತ್ರ ಕಿತ್ತು ಬರುತ್ತಿದೆ. ಉಳಿದವು ಚೆನ್ನಾಗಿಯೇ ಇವೆ. ಉಳಿ ಮೊನ್ನೆ ತಾನೇ ಮಸೆದಿದ್ದೇನೆ. ಮರವೇ ಕೆಟ್ಟಿದೆಯಾ?

ಉತ್ತರ:
ಮರ ಸರಿ ಇದೆ. ನೀವು ಹೂವಿನ ಸುತ್ತ ಪ್ರದಕ್ಷಿಣೆ ಹಾಕುತ್ತಿದ್ದೀರಿ, ಅಲ್ವಾ? ಹಲಗೆಯ ಎಳೆ, ಅಂದರೆ ಮರದ ನಾರು ಓಡುವ ದಿಕ್ಕು, ಎಡದಿಂದ ಬಲಕ್ಕೆ ಅಡ್ಡಡ್ಡ ಇದೆ ಅಂತಲೂ ಊಹಿಸುತ್ತೇನೆ. ಹಾಗಿದ್ದರೆ ಕೀಳುವುದು ಸರಿಯಾಗಿ ಆ ಎರಡೇ ಮೂಲೆಯಲ್ಲಿ. ಮೇಲಿಂದ ಬಲಕ್ಕೆ ಇಳಿಯುವಾಗ ಸೀಳು ಹೂವಿನ ಹೊರಗೆ, ಬಿಸಾಡುವ ಮರದೊಳಗೆ ಓಡುತ್ತದೆ. ಬಲದಿಂದ ಕೆಳಕ್ಕೆ ತಿರುಗಿದ ತಕ್ಷಣ ಅದೇ ಸೀಳು ಎಸಳಿನೊಳಗೆ ನುಗ್ಗುತ್ತದೆ, ಬಾಳೆನಾರು ಎಳೆದ ಹಾಗೆ ಉದ್ದಕ್ಕೆ. ಮೇಲಿನ ನೆತ್ತಿಯಿಂದ ಎರಡೂ ಬದಿಗೆ ಇಳಿಸಿ, ಕೆಳಗಿನ ತುದಿಯಿಂದಲೂ ಎರಡೂ ಬದಿಗೆ ಬನ್ನಿ. ಕೈ ತಿರುಗದಿದ್ದರೆ ಹಲಗೆಯನ್ನೇ ತಿರುಗಿಸಿ ಮತ್ತೆ ಕ್ಲಾಂಪ್ ಹಾಕಿ. ಬೇಜಾರಿನ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಇನ್ನೊಂದು ಉತ್ತರ:
ಮೇಲಿನವರು ಹೇಳಿದ್ದು ನಿಜ. ಜೊತೆಗೆ ಒಂದು ಅನುಮಾನ: ಗೆರೆಯ ಮೇಲೇ ಉಳಿ ನೆಟ್ಟಗೆ ಇಟ್ಟು ಕೊಡತಿಯಲ್ಲಿ ಒಂದೇ ಏಟಿಗೆ ಆಳಕ್ಕೆ ಇಳಿಸುತ್ತಿದ್ದೀರಾ? ಉಳಿಯ ಮೈ ಬೆಣೆ ಇದ್ದ ಹಾಗೆ. ಹೊರಗಡೆ ಮರ ತುಂಬಿಕೊಂಡಿದ್ದರೆ ಅದು ಜಾಗ ಮಾಡಿಕೊಳ್ಳಲು ಎಸಳನ್ನೇ ಒತ್ತುತ್ತದೆ, ಅಲ್ಲಿ ಎಳೆ ಗಿಡ್ಡ ಇದ್ದರೆ, ಅಂದರೆ ನಾರು ಎಸಳಿಗೆ ಅಡ್ಡಲಾಗಿ ಚಿಕ್ಕದಾಗಿ ತುಂಡಾಗಿದ್ದರೆ, ತುದಿ ಟಪ್ ಅಂತ ಹಾರಿಹೋಗುತ್ತದೆ. ಮೊದಲು ಗೆರೆಯಿಂದ 2 ಮಿಲಿಮೀಟರ್ ಆಚೆ ವಿ ಆಕಾರದ ಉಳಿಯಲ್ಲಿ ಕಾಲುವೆ ತೋಡಿ. ಆಮೇಲೆ ಗೆರೆಯ ಮೇಲೆ ಸ್ವಲ್ಪ ಇಳಿಸಿ, ಹೊರಗಿನ ಮರ ತೆಗೆದು, ಮತ್ತೆ ಸ್ವಲ್ಪ ಇಳಿಸಿ. 8 ಮಿಲಿಮೀಟರ್‌ಗೆ ನಾಲ್ಕು ಸುತ್ತಾದರೂ ಬೇಕು. ಗೋಡೆ ಬುಡದಲ್ಲಿ ತುಸು ಅಗಲವಾಗಿಯೇ ಇರಲಿ, ಒಳಕ್ಕೆ ಕೊರೆಯುವ ಆಸೆ ಕೊನೆಗೆ.

ಪ್ರಶ್ನೆ ಕೇಳಿದವರು:
ಎಳೆ ಅಡ್ಡಕ್ಕೇ ಇದೆ! ಪ್ರದಕ್ಷಿಣೆಯೂ ನಿಜ. ಏಟಿನ ವಿಷಯಕ್ಕೆ ನಾಚಿಕೆಯಾಯಿತು, ಒಂದೇ ಏಟು. ಆದರೆ ಈಗ ಸರಿ ಇದ್ದ ಕಡೆಯೂ ಬಿಳಿ ಗೀರು ಬೀಳುತ್ತಿದೆ.

ಮೊದಲ ಉತ್ತರದವರು:
ಬಿಳಿ ಗೀರು ಅಂದರೆ ಉಳಿಯ ಬಾಯಿ ಮುಕ್ಕಾಗಿದೆ. ತೇಗದಲ್ಲಿ ಸಿಲಿಕಾ ಇರುತ್ತದೆ, ಅಂದರೆ ಮರಳಿನದೇ ಅಂಶ, ಹಾಗಾಗಿ ಉಳಿಯ ಬಾಯಿ ಬೇಗ ಹೋಗುತ್ತದೆ. ಮೊನ್ನೆ ಮಸೆದದ್ದು ಇವತ್ತಿಗೆ ಬರುವುದಿಲ್ಲ. ಹಲಗೆ ತುಂಡಿಗೆ ಚರ್ಮ ಅಂಟಿಸಿ ಪಾಲಿಶ್ ಪೇಸ್ಟ್ ಸವರಿ ಇಟ್ಟುಕೊಳ್ಳಿ, ಕಾಲು ಗಂಟೆಗೊಮ್ಮೆ ಉಳಿಯನ್ನು ಹಿಂದಕ್ಕೆ ಎಳೆದು ಉಜ್ಜಿ. ಮುಂದಕ್ಕೆ ತಳ್ಳಿದರೆ ಚರ್ಮವೇ ಕತ್ತರಿಸಿಹೋಗುತ್ತದೆ, ನಾನು ಎರಡು ಹಾಳು ಮಾಡಿದ್ದೇನೆ. ಮುಂದಿನ ಸಲ ಶಿವನಿ ಮರ ಹುಡುಕಿ. ಸಾಗರ, ಸೊರಬದ ಗುಡಿಗಾರರು ಗಂಧದ ಜೊತೆ ಅದನ್ನೂ ಕೆತ್ತುತ್ತಾರೆ. ಹಗುರ, ಮೆತ್ತಗೆ, ಒಣಗಿದ ಮೇಲೆ ಜಾಸ್ತಿ ಸೊಟ್ಟಗಾಗುವುದಿಲ್ಲ. ಕಲಿಯುವವರಿಗೆ ತೇಗ ಸುಮ್ನೆ ಕೈನೋವು.

ಪ್ರಶ್ನೆ ಕೇಳಿದವರು:
ಭಾನುವಾರ ಮಾಡಿ ನೋಡಿದೆ. ಬಲ ಕೆಳಗಿನ ಎಸಳು ನುಣ್ಣಗೆ ಬಂತು. ಎಡ ಮೇಲಿನದರ ತುದಿ ಮೊದಲೇ ಹಾರಿತ್ತು, ಚೂರು ಕಸದಲ್ಲಿ ಸಿಕ್ಕಿತು, ಮರ ಅಂಟಿಸುವ ಗೋಂದು ಹಾಕಿ ಟೇಪ್ ಸುತ್ತಿ ಇಟ್ಟಿದ್ದೇನೆ. ಅದನ್ನು ಮುಟ್ಟಲು ಎಷ್ಟು ಹೊತ್ತು ಕಾಯಬೇಕು?

ಮೊದಲ ಉತ್ತರದವರು:
ಒಂದು ದಿನ ಪೂರ್ತಿ. ಆಮೇಲೂ ಅಲ್ಲಿ ಕೊಡತಿ ಬೇಡ, ಕೈಯಲ್ಲೇ ತಳ್ಳಿ. ಎಡಗೈ ಉಳಿಯ ಬಾಯಿಯ ಮುಂದೆ ಬರದಂತೆ ನೋಡಿಕೊಳ್ಳಿ.