ಸ್ಟ್ರೆಸ್ ಫ್ರ್ಯಾಕ್ಚರ್ ಆದ ಮೇಲೆ ಮತ್ತೆ ಓಡಲು ಶುರುಮಾಡುವುದು ಹೇಗೆ?

ಪ್ರಶ್ನೆ: ಬಸವನಗುಡಿ ಓಟಗಾರ್ತಿ

ಎಲ್ಲರಿಗೂ ನಮಸ್ಕಾರ. ನನ್ನ ಎಡಗಾಲಿನ ಟಿಬಿಯಾ ಮೂಳೆಯ (ಮೊಣಕಾಲಿನ ಕೆಳಗಿನ ದಪ್ಪ ಮೂಳೆ) ಒಳಬದಿಯಲ್ಲಿ, ಪಾದದ ಗಿಣ್ಣಿನಿಂದ ಸುಮಾರು ಒಂದು ಗೇಣು ಮೇಲೆ, ಸ್ಟ್ರೆಸ್ ಫ್ರ್ಯಾಕ್ಚರ್, ಅಂದರೆ ಪದೇ ಪದೇ ಬೀಳುವ ಭಾರದಿಂದ ಮೂಳೆಯಲ್ಲಿ ಬರುವ ಸಣ್ಣ ಬಿರುಕು, ಆಗಿತ್ತು. ಮೊದಲು ತೆಗೆಸಿದ ಎಕ್ಸ್‌ರೇಯಲ್ಲಿ ಏನೂ ಕಾಣಿಸಲಿಲ್ಲ. ನೋವು ಕಡಿಮೆಯಾಗದ ಕಾರಣ ಎಂಆರ್‌ಐ ಮಾಡಿಸಿದಾಗಲೇ ವಿಷಯ ತಿಳಿಯಿತು. ಓಟ ಬಿಟ್ಟು ಎರಡು ತಿಂಗಳ ಮೇಲಾಗಿದೆ. ಈಗ ಲಾಲ್‌ಬಾಗ್‌ನಲ್ಲಿ ಮುಕ್ಕಾಲು ಗಂಟೆ ಬಿರುಸಾಗಿ ನಡೆದರೂ ನೋವಿಲ್ಲ, ಮೂಳೆಯ ಮೇಲೆ ಬೆರಳಿಟ್ಟು ಒತ್ತಿದರೂ ನೋವಿಲ್ಲ. ವೈದ್ಯರು "ಇನ್ನು ನಿಧಾನವಾಗಿ ಓಡಬಹುದು" ಎಂದಷ್ಟೇ ಹೇಳಿ ಕಳುಹಿಸಿದರು. ನಿಧಾನ ಎಂದರೆ ವೇಗ ಕಡಿಮೆ ಇರಬೇಕೆಂದೋ, ದೂರ ಕಡಿಮೆ ಇರಬೇಕೆಂದೋ, ವಾರದಲ್ಲಿ ಓಡುವ ದಿನಗಳೇ ಕಡಿಮೆ ಇರಬೇಕೆಂದೋ ನನಗೆ ಸ್ಪಷ್ಟವಾಗಿಲ್ಲ. ಇನ್ನು ಮೂರು ತಿಂಗಳಿಗೆ ಬರುವ ಬೆಂಗಳೂರಿನ 10ಕೆ (ಹತ್ತು ಕಿಲೋಮೀಟರ್) ಓಟದಲ್ಲಿ ಭಾಗವಹಿಸುವ ಆಸೆಯೂ ಇದೆ. ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ: ಫಿಸಿಯೋಥೆರಪಿಸ್ಟ್, ಮೈಸೂರು

ನಿಮಗೆ ಆಗಿರುವ ಜಾಗ ಸಾಮಾನ್ಯವಾಗಿ ಚೆನ್ನಾಗಿ ಕೂಡಿಕೊಳ್ಳುವ ಜಾಗ. ಟಿಬಿಯಾದ ಮುಂಭಾಗದ ಅಂಚು, ತೊಡೆಮೂಳೆಯ ಕತ್ತು ಅಥವಾ ಪಾದದ ನ್ಯಾವಿಕ್ಯುಲರ್ ಮೂಳೆಯಲ್ಲಿ ಬಿರುಕು ಬಂದವರು ಮಾತ್ರ ನಾನು ಕೆಳಗೆ ಬರೆಯುವುದನ್ನು ತಮಗೆ ಅನ್ವಯಿಸಿಕೊಳ್ಳಬಾರದು. ಅವರು ಪ್ರತಿ ಹಂತಕ್ಕೂ ತಜ್ಞರ ಒಪ್ಪಿಗೆ ಪಡೆಯಲೇಬೇಕು.

ನೋವು ಹೋಗಿದೆ ಎಂದ ಮಾತ್ರಕ್ಕೆ ಮೂಳೆ ಮೊದಲಿನಷ್ಟು ಗಟ್ಟಿಯಾಗಿದೆ ಎಂದು ತಿಳಿಯಬೇಡಿ. ದುರಸ್ತಿಯಾಗುವಾಗ ಮೂಳೆ ಮೊದಲು ಹಾನಿಯಾದ ಭಾಗವನ್ನು ಕರಗಿಸುತ್ತದೆ, ಆಮೇಲೆ ಅಲ್ಲಿ ಹೊಸದನ್ನು ಕಟ್ಟುತ್ತದೆ. ಕರಗಿಸುವ ಕೆಲಸ ಕೆಲವೇ ವಾರಗಳಲ್ಲಿ ಮುಗಿದರೂ, ಹೊಸದಾಗಿ ಕಟ್ಟಿದ ಭಾಗದಲ್ಲಿ ಖನಿಜ ತುಂಬಿ ಅದು ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಹಿಡಿಯುತ್ತವೆ. ಇತ್ತ ಉಸಿರಾಟದ ಸಾಮರ್ಥ್ಯ, ಅದರಲ್ಲೂ ನೀವು ಈಜು ಅಥವಾ ಸೈಕಲ್ ಮುಂದುವರಿಸಿದ್ದರೆ, ಬಹಳ ಬೇಗ ಮರಳಿಬಿಡುತ್ತದೆ. ಉಸಿರು "ಇನ್ನೂ ಓಡು" ಎನ್ನುವಾಗ ಮೂಳೆ ಅದಕ್ಕೆ ಸಿದ್ಧವಾಗಿರುವುದಿಲ್ಲ. ಎರಡನೇ ಸಲ ಪೆಟ್ಟು ಮಾಡಿಕೊಳ್ಳುವವರನ್ನು ನಾನು ಹೆಚ್ಚಾಗಿ ನೋಡುವುದು ಈ ಅಂತರದಲ್ಲಿಯೇ.

ಆದ್ದರಿಂದ ದಿನ ಬಿಟ್ಟು ದಿನ, ಸಮತಟ್ಟಾದ ಜಾಗದಲ್ಲಿ, ನಾಲ್ಕು ನಿಮಿಷ ನಡಿಗೆ ಮತ್ತು ಒಂದು ನಿಮಿಷ ಓಟವನ್ನು ಆರು ಸಲ ಮಾಡಿ. ಓಡುವಾಗ, ಅಂದು ರಾತ್ರಿ ಮತ್ತು ಮರುದಿನ ಬೆಳಿಗ್ಗೆ, ಈ ಮೂರೂ ಹೊತ್ತಿನಲ್ಲಿ ನೋವಿಲ್ಲದೆ ಎರಡು ಅಭ್ಯಾಸಗಳು ಮುಗಿದರೆ ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆ. ಹೀಗೆಯೇ ಮೆಲ್ಲನೆ ಮೂವತ್ತು ನಿಮಿಷ ಬಿಡದೆ ಓಡುವ ಹಂತಕ್ಕೆ ಬನ್ನಿ. ಇದಕ್ಕೆ ನಾಲ್ಕರಿಂದ ಆರು ವಾರ ಬೇಕಾಗಬಹುದು. ಆಮೇಲೆ ದೂರ ಹೆಚ್ಚಿಸಿ. ವೇಗದ ಅಭ್ಯಾಸ ಮತ್ತು ಏರಿಳಿತದ ರಸ್ತೆಗಳು ಕೊನೆಗಿರಲಿ. ಹೆಜ್ಜೆಯನ್ನು ಸ್ವಲ್ಪ ಚಿಕ್ಕದು ಮಾಡಿ, ನಿಮಿಷಕ್ಕೆ ಇಡುವ ಹೆಜ್ಜೆಗಳ ಸಂಖ್ಯೆಯನ್ನು ಶೇ. 5ರಿಂದ 10ರಷ್ಟು ಹೆಚ್ಚಿಸಿಕೊಂಡರೆ ಪ್ರತಿ ಹೆಜ್ಜೆಗೂ ಬೀಳುವ ಭಾರ ಕಡಿಮೆಯಾಗುತ್ತದೆ. ಮೀನಖಂಡದ ವ್ಯಾಯಾಮವನ್ನು ದಯವಿಟ್ಟು ಬಿಡಬೇಡಿ, ಏಕೆಂದರೆ ಟಿಬಿಯಾ ಬಾಗದಂತೆ ತಡೆಯುವಲ್ಲಿ ಆ ಸ್ನಾಯುಗಳ ಪಾತ್ರ ದೊಡ್ಡದು: ಮೆಟ್ಟಿಲಿನ ಅಂಚಿನಲ್ಲಿ ನಿಂತು, ಒಮ್ಮೆ ಮೊಣಕಾಲು ನೇರವಿಟ್ಟು, ಒಮ್ಮೆ ಸ್ವಲ್ಪ ಮಡಿಸಿ, ಹಿಮ್ಮಡಿಯನ್ನು ಎತ್ತಿ ಇಳಿಸಿ.

ಉತ್ತರ: ಧಾರವಾಡದ ಹಳೆಯ ಓಟಗಾರ್ತಿ

ಮೇಲಿನ ಸಲಹೆಗಳನ್ನು ನಾನೂ ಒಪ್ಪುತ್ತೇನೆ, ಆದರೆ ಮೂಳೆ ಬಿರುಕು ಬಿಟ್ಟದ್ದು ಏಕೆ ಎಂಬುದನ್ನು ಯಾರೂ ಕೇಳಿದಂತಿಲ್ಲ. ಓಟವನ್ನು ಒಮ್ಮೆಲೇ ಹೆಚ್ಚಿಸಿದ್ದಿರಾ? ಮುಟ್ಟು ಸರಿಯಾಗಿ ಆಗುತ್ತಿತ್ತೇ? ಬೆಳಗಿನ ಜಾವ ಖಾಲಿ ಹೊಟ್ಟೆಯಲ್ಲಿ ಓಡಿ, ಮನೆಯವರ ಡಬ್ಬಿ ಕಟ್ಟಿ, ಹತ್ತು ಗಂಟೆಯವರೆಗೆ ಬರೀ ಕಾಫಿಯಲ್ಲಿ ಕಳೆಯುವ ಹೆಣ್ಣುಮಕ್ಕಳು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಓಟಕ್ಕೆ ಬೇಕಾದಷ್ಟು ಆಹಾರ ಸಿಗದಿದ್ದರೆ ದೇಹ ಮೊದಲು ಹಾರ್ಮೋನುಗಳಲ್ಲಿ ಮತ್ತು ಮೂಳೆಯಲ್ಲಿ ಉಳಿತಾಯ ಮಾಡುತ್ತದೆ. ಅಂತರರಾಷ್ಟ್ರೀಯ ಒಲಿಂಪಿಕ್ ಸಮಿತಿ 2014ರಲ್ಲಿ ಈ ಸ್ಥಿತಿಗೆ ರೆಡ್-ಎಸ್ ಎಂದು ಹೆಸರಿಟ್ಟಿತು. ಇದು ಗಂಡಸರಿಗೂ ಬರುತ್ತದೆ. ರಕ್ತದಲ್ಲಿ ವಿಟಮಿನ್ ಡಿ ಪ್ರಮಾಣವನ್ನು ಪರೀಕ್ಷೆ ಮಾಡಿಸಿ. ಮಿಲಿಲೀಟರಿಗೆ 20 ನ್ಯಾನೊಗ್ರಾಂಗಿಂತ ಕಡಿಮೆ ಇದ್ದರೆ ವೈದ್ಯರ ಸಲಹೆಯಂತೆ ಔಷಧಿ ತೆಗೆದುಕೊಳ್ಳಬೇಕಾಗುತ್ತದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇರುವುದರಿಂದ ಮುದ್ದೆ, ಮಜ್ಜಿಗೆ ನಿಮ್ಮ ಊಟದಲ್ಲಿರಲಿ, ಆದರೆ ಒಟ್ಟು ಊಟವೇ ಸಾಲದಿದ್ದರೆ ರಾಗಿಯೊಂದರಿಂದ ಪ್ರಯೋಜನವಾಗದು.

10ಕೆ ಬಗ್ಗೆ ಒಂದು ಮಾತು. ಬ್ರಿಟನ್ನಿನ ಮ್ಯಾರಥಾನ್ ಓಟಗಾರ್ತಿ ಪೌಲಾ ರಾಡ್‌ಕ್ಲಿಫ್ 2008ರಲ್ಲಿ ತೊಡೆಮೂಳೆಯ ಸ್ಟ್ರೆಸ್ ಫ್ರ್ಯಾಕ್ಚರ್‌ನಿಂದ ಪೂರ್ತಿ ಚೇತರಿಸಿಕೊಳ್ಳಲು ಸಮಯ ಸಾಲದೆ ಬೀಜಿಂಗ್ ಒಲಿಂಪಿಕ್ಸ್ ಮ್ಯಾರಥಾನ್ ಓಡಿ 23ನೆಯವರಾದರು; ಅದೇ ವರ್ಷದ ನವೆಂಬರಿನಲ್ಲಿ ನ್ಯೂಯಾರ್ಕ್ ಮ್ಯಾರಥಾನ್ ಗೆದ್ದರು. ಕೆಲವು ತಿಂಗಳುಗಳು ಅಷ್ಟು ವ್ಯತ್ಯಾಸ ಮಾಡುತ್ತವೆ. ಓಟದ ದಿನಾಂಕಕ್ಕೆ ಮೂಳೆಯನ್ನು ಹೊಂದಿಸಲು ಹೋಗಬೇಡಿ.

ಪ್ರಶ್ನೆ ಕೇಳಿದವರು, ಕೆಲವು ವಾರಗಳ ನಂತರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ವಿಟಮಿನ್ ಡಿ ನಿಜಕ್ಕೂ ಬಹಳ ಕಡಿಮೆ ಇತ್ತು, ಔಷಧಿ ಶುರುವಾಗಿದೆ. ಈಗ ಮೂರು ನಿಮಿಷ ಓಟ, ಎರಡು ನಿಮಿಷ ನಡಿಗೆಯ ಹಂತದಲ್ಲಿದ್ದೇನೆ. ನಿನ್ನೆ ಓಡಿದ ಮೇಲೆ ಅದೇ ಕಾಲಿನಲ್ಲಿ ಸಣ್ಣಗೆ ನೋವು ಕಾಣಿಸಿಕೊಂಡು ಭಯವಾಗಿದೆ. ಇದು ಸ್ನಾಯುವಿನದೋ ಮೂಳೆಯದೋ ಎಂದು ಗುರುತಿಸುವುದು ಹೇಗೆ?

ಉತ್ತರ: ಫಿಸಿಯೋಥೆರಪಿಸ್ಟ್, ಮೈಸೂರು

ಹೆಬ್ಬೆರಳಿನಿಂದ ಮೂಳೆಯ ಒಳ ಅಂಚಿನುದ್ದಕ್ಕೂ ಒತ್ತುತ್ತಾ ಹೋಗಿ. ನೋವು ಅಂಗೈ ಅಗಲಕ್ಕೆ ಹರಡಿದ್ದು, ಓಡಲು ಶುರುಮಾಡಿದ ಸ್ವಲ್ಪ ಹೊತ್ತಿಗೆ ಕಡಿಮೆಯಾಗುವಂತಿದ್ದರೆ ಅದು ಹೆಚ್ಚಾಗಿ ಸ್ನಾಯುವಿನದು. ಒಂದೇ ಬೆರಳಿನಲ್ಲಿ ತೋರಿಸಬಹುದಾದಂಥ ಜಾಗದಲ್ಲಿದ್ದರೆ, ಓಡಿದಷ್ಟೂ ಹೆಚ್ಚಿದರೆ, ರಾತ್ರಿ ಮಲಗಿದಾಗಲೂ ಕಾಡಿದರೆ ಮೂಳೆಯ ಮೇಲೆ ಅನುಮಾನ ಪಡಬೇಕು. ಆಗ ಓಟ ನಿಲ್ಲಿಸಿ ವೈದ್ಯರನ್ನು ಕಾಣಿ. ನೋವಿನ ಮಾತ್ರೆ ನುಂಗಿ ಓಡುವುದು ಖಂಡಿತ ಬೇಡ, ಏಕೆಂದರೆ ನಿಮಗೆ ಬರಬೇಕಾದ ಎಚ್ಚರಿಕೆಯನ್ನೇ ಅದು ಮುಚ್ಚಿಬಿಡುತ್ತದೆ. ಸದ್ಯಕ್ಕೆ ಎರಡು ದಿನ ನಡಿಗೆ ಮಾತ್ರ ಇರಲಿ. ನೋವು ಪೂರ್ತಿ ಹೋದರೆ ಹಿಂದಿನ ಹಂತದಿಂದ, ಅಂದರೆ ಎರಡು ನಿಮಿಷ ಓಟ, ಮೂರು ನಿಮಿಷ ನಡಿಗೆಯಿಂದ, ಮತ್ತೆ ಶುರುಮಾಡಿ.