4ನೇ ಕ್ರಾಸ್ ಕೊನೆಯ ಗೋಡೆ: ಭಾನುವಾರ ಯಾರು ಬರ್ತೀರಿ?

ಸೈಟ್ 27: ಎಲ್ಲರಿಗೂ ನಮಸ್ಕಾರ. ಗೋಡೆ ಆಚೆಯ ಖಾಲಿ ಜಾಗದಲ್ಲಿ ನಿನ್ನೆ ಸೈಜುಗಲ್ಲು ಇಳಿಸಿದ್ದಾರೆ. ಪಕ್ಕದ ಬಡಾವಣೆಯ ಶಾಲೆಯ ಗಂಟೆ ನಮ್ಮ ಅಡುಗೆಮನೆಗೆ ಕೇಳುತ್ತದೆ. ಆದರೆ ಮಗಳನ್ನು ಬಿಡಲು ಸಾಲಗಾಮೆ ರಸ್ತೆಗೆ ಹೋಗಿ ಸುತ್ತಬೇಕು. ಗಾಡಿ ಮೀಟರ್‌ನಲ್ಲಿ 1.6 ಕಿ.ಮೀ. ಅಲ್ಲಿ ಮನೆ ಎದ್ದರೆ, ಗೋಡೆ ತೆಗೆದು ಆಚೆಗೆ ದಾರಿ ಮಾಡುವ ಮಾತು ಮುಗೀತು.

ಸೈಟ್ 9: ಗೋಡೆ ಇರೋದೇ ಒಳ್ಳೇದು ಸರ್. ತೆಗೆದರೆ ಬೈಕ್‌ನವರಿಗೆ ಶಾರ್ಟ್‌ಕಟ್, ಕಳ್ಳರಿಗೂ ದಾರಿ.

ಸೈಟ್ 14 (ಮೇಷ್ಟ್ರು): ನಮ್ಮ ರಸ್ತೆ ಹೀಗೆ ಗೋಡೆಗೆ ಬಂದು ನಿಲ್ಲಲು ಕಾರಣ ಇಷ್ಟೇ. ಹಿಂದೆ ಇದೆಲ್ಲ ಹೊಲ. ಒಬ್ಬೊಬ್ಬರು ತಮ್ಮ ಸರ್ವೆ ನಂಬರಿನೊಳಗೆ ರಸ್ತೆ ಹಾಕಿ, ದೊಡ್ಡ ರಸ್ತೆಗೆ ಒಂದೇ ಬಾಯಿ ಬಿಟ್ಟರು. ಪಕ್ಕದವನ ರಸ್ತೆಗೆ ಸೇರಿಸುವ ಗೋಜು ಯಾರಿಗೂ ಬೇಕಿರಲಿಲ್ಲ. ನಮ್ಮ ಹಾಸನದ ಕೆ.ಆರ್.ಪುರಂನಲ್ಲಿ ಒಂದು ಅಡ್ಡರಸ್ತೆ ತಪ್ಪಿದರೆ ಇನ್ನೊಂದು ಸಿಗುತ್ತದೆ, ಇಲ್ಲಿ ತಪ್ಪಿದರೆ ವಾಪಸ್ ಬರಬೇಕು. ಅಮೆರಿಕದ ರಸ್ತೆಗಳನ್ನು ಲೆಕ್ಕ ಹಾಕಿದ 2015ರ ಒಂದು ಅಧ್ಯಯನ ಇದೆ. ಈ ಥರ ಕೊನೆಯಾಗುವ ರಸ್ತೆಗಳ ಹಾವಳಿ ಅಲ್ಲಿ 1994ರ ಸುಮಾರಿಗೆ ತುದಿ ಮುಟ್ಟಿ, ಆಮೇಲೆ ಇಳಿಯಿತಂತೆ. ಹೊಸ ರಸ್ತೆಗಳಲ್ಲಿ ಮಾತ್ರ! ಹಳೇದು ಹಾಗೇ ಉಳಿಯುತ್ತದೆ. ಮನೆ ಒಡೆದು ಕಟ್ಟುತ್ತೇವೆ, ರಸ್ತೆಯ ಗೆರೆ ಯಾರು ಬದಲಿಸುತ್ತಾರೆ?

ಸೈಟ್ 31: ನಮ್ಮಪ್ಪ ಆ ಕಡೆ ಎತ್ತಿನಗಾಡಿ ಹೊಡೆದಿದ್ದರಂತೆ. ಗ್ರಾಮ ನಕಾಶೆ ಡೌನ್‌ಲೋಡ್ ಮಾಡಿದೆ. ಅಲ್ಲೇ ಎರಡು ಚುಕ್ಕಿಗೆರೆ ಇದೆ, ಅಂದರೆ ಬಂಡಿದಾರಿ. ದಿಶಾಂಕ್ ಆ್ಯಪ್‌ನಲ್ಲಿ ಸರ್ವೆ ನಂಬರ್ ನೋಡಿದರೆ ಕಲ್ಲು ಬಿದ್ದಿರೋದು ಸುಮಾರಾಗಿ ಅದರ ಮೇಲೇ. ಆದರೆ ಆ್ಯಪ್ ನಂಬಿ ಜಗಳ ಬೇಡ, ಅಳತೆ ಮಾಡಿಸಬೇಕು.

ಸೈಟ್ 9: ಹಾಗಾದರೆ ಅಳತೆಗೆ ಸಹಿ ಹಾಕ್ತೀನಿ. ಗೋಡೆ ಮಾತು ಬೇರೆ.

ಸೈಟ್ 14 (ಮೇಷ್ಟ್ರು): ಪೂರ್ತಿ ಒಡೆಯೋದು ಬೇಡ ಸರ್. ಹತ್ತಡಿ ಸಾಕು. ನಡುವೆ ಕಲ್ಲುಕಂಬ ನೆಟ್ಟರೆ ಜನ, ಸೈಕಲ್ ಮಾತ್ರ ಹೋಗುತ್ತೆ. ದಾರಿಯಲ್ಲಿ ಓಡಾಟ ಇದ್ದರೆ ಕಳ್ಳನಿಗೇ ಕಷ್ಟ, ಅಲ್ವಾ?

ಸೈಟ್ 40: ಲೇಔಟ್ ಮಂಜೂರಾಗುವಾಗ ರಸ್ತೆ, ಪಾರ್ಕ್ ಜಾಗವನ್ನು ಸ್ಥಳೀಯ ಸಂಸ್ಥೆಗೆ ಬಿಟ್ಟುಕೊಟ್ಟಿರುತ್ತಾರೆ. ಎರಡೂ ಬಡಾವಣೆಯ ಮಂಜೂರಾದ ನಕ್ಷೆಗೆ ಸೋಮವಾರವೇ ಆರ್‌ಟಿಐ ಹಾಕ್ತೀನಿ. ಆಚೆಯವರನ್ನೂ ಕರೆಯಿರಿ, ಅವರೂ ಸುತ್ತೋರೇ.

ಸೈಟ್ 27: ಭಾನುವಾರ 8ಕ್ಕೆ ಗೋಡೆ ಹತ್ತಿರ. ಟೇಪ್ ನನ್ನ ಹತ್ತಿರ ಇದೆ. ಅಳತೆ ಅರ್ಜಿಗೆ ಸಹಿ ಅಲ್ಲೇ.

ಸೈಟ್ 9: ಕಾಫಿ ನಮ್ಮನೇದು. ಗೋಡೆ ಬಗ್ಗೆ ಇನ್ನೂ ಒಪ್ಪಿಲ್ಲ.