ತೂಕ ಇಳಿಸುವಾಗ ಸಂಜೆಯ ಸಿಹಿಗೆ ಏನು ತಿನ್ನುವುದು?

ಮಳೆಹನಿ:
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಿಂದ ತೂಕ ಇಳಿಸಲು ನೋಡುತ್ತಿದ್ದೇನೆ. ಬೆಳಗಿನ ವಾಕಿಂಗ್ ತಪ್ಪಿಸಿಲ್ಲ, ಮಧ್ಯಾಹ್ನದ ಊಟವನ್ನೂ ಅರ್ಧಕ್ಕೆ ಇಳಿಸಿದ್ದೇನೆ. ಆದರೆ ಸಂಜೆ ನಾಲ್ಕೂವರೆ ಆಯಿತೆಂದರೆ ಸಿಹಿ ಬೇಕೇ ಬೇಕು, ಇಲ್ಲದಿದ್ದರೆ ಕೆಲಸದಲ್ಲಿ ಮನಸ್ಸೇ ನಿಲ್ಲುವುದಿಲ್ಲ. ಮೊದಲು ಕ್ರೀಮ್ ಬಿಸ್ಕತ್ತು, ಕೇಕ್ ತಿನ್ನುತ್ತಿದ್ದೆ. ಅದನ್ನೆಲ್ಲ ಬಿಟ್ಟು ಈಗ ಖರ್ಜೂರ, ಒಣದ್ರಾಕ್ಷಿ, ಓಟ್ಸ್‌ನ ಗ್ರಾನೋಲಾ ಬಾರ್, ಶುಗರ್ ಫ್ರೀ ಬಿಸ್ಕತ್ತು ತಿನ್ನುತ್ತೇನೆ, ಟೀಗೂ ಸಕ್ಕರೆ ಬದಲು ಜೇನುತುಪ್ಪ. ಇವೆಲ್ಲ ಒಳ್ಳೆಯವೇ ಅಲ್ವಾ? ಮೊದಲು ಒಂದು ಕಿಲೋ ಇಳಿಯಿತು, ಆಮೇಲೆ ಐದು ವಾರದಿಂದ ತೂಕ ಅಲ್ಲೇ ನಿಂತಿದೆ. ಎಲ್ಲಿ ತಪ್ಪುತ್ತಿದ್ದೇನೆ? ಸಿಹಿಯನ್ನು ಪೂರ್ತಿ ಬಿಡಬೇಕಾ?

ಹಸಿರೆಲೆ:
ಬಿಡಬೇಕಿಲ್ಲ. ಏನು ತಿನ್ನುತ್ತೀರಿ ಅಂತ ಬರೆದಿದ್ದೀರಿ, ಎಷ್ಟು ಅಂತ ಬರೆದಿಲ್ಲ. ತೂಕ ನಿಂತಿರುವುದು ಬಹುಶಃ ಅಲ್ಲೇ.

ಒಳ್ಳೆಯ ಆಹಾರ ಅಂದ ತಕ್ಷಣ ನಾವು ಎಣಿಸುವುದನ್ನೇ ಬಿಡುತ್ತೇವೆ. ದೊಡ್ಡ ಖರ್ಜೂರ ಒಂದರಲ್ಲಿ ಸುಮಾರು 65 ಕ್ಯಾಲರಿ ಇರುತ್ತದೆ. ಮಾತಾಡುತ್ತಾ ಐದು ತಿಂದರೆ 300 ದಾಟಿತು. ಖರ್ಜೂರದಲ್ಲಿ ನಾರಿನಂಶ ಇದೆ, ಪೊಟ್ಯಾಷಿಯಂ ಇದೆ, ಅದೆಲ್ಲ ನಿಜ, ಆದರೆ ಅದರ ಅರ್ಧಕ್ಕಿಂತ ಜಾಸ್ತಿ ಭಾಗ ಸಕ್ಕರೆಯೇ. ಒಣದ್ರಾಕ್ಷಿಯೂ ಹಾಗೆ. 100 ಗ್ರಾಂ ಹಸಿ ದ್ರಾಕ್ಷಿಯಲ್ಲಿ ಸುಮಾರು 70 ಕ್ಯಾಲರಿ, 100 ಗ್ರಾಂ ಒಣದ್ರಾಕ್ಷಿಯಲ್ಲಿ 300. ನೀರು ಹೋಗಿದೆ, ಸಕ್ಕರೆ ಉಳಿದಿದೆ, ಅಷ್ಟೇ ವ್ಯತ್ಯಾಸ. ಒಂದು ಬಟ್ಟಲು ಹಸಿ ದ್ರಾಕ್ಷಿ ತಿಂದರೆ ಹೊಟ್ಟೆಗೆ ಗೊತ್ತಾಗುತ್ತದೆ, ಅಷ್ಟೇ ದ್ರಾಕ್ಷಿ ಒಣಗಿ ಒಂದು ಹಿಡಿಯಾದಾಗ ಬಾಯಿಗೆ ಹಾಕಿಕೊಂಡಿದ್ದೂ ನೆನಪಿರುವುದಿಲ್ಲ.

ಜೇನುತುಪ್ಪದ ವಿಷಯ ಹೇಳಲೇಬೇಕು. ಒಂದು ಟೀ ಚಮಚ ಸಕ್ಕರೆಯಲ್ಲಿ ಸುಮಾರು 16 ಕ್ಯಾಲರಿ, ಅದೇ ಚಮಚದ ಜೇನುತುಪ್ಪದಲ್ಲಿ 20ರ ಆಸುಪಾಸು, ಯಾಕೆಂದರೆ ಜೇನು ತೂಕ ಜಾಸ್ತಿ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಕೊಟ್ಟ ಸಲಹೆಯಲ್ಲಿ ಜೇನುತುಪ್ಪ ಮತ್ತು ಹಣ್ಣಿನ ರಸ ಎರಡನ್ನೂ ಸಕ್ಕರೆಯ ಜೊತೆಗೇ ಲೆಕ್ಕ ಹಾಕಿದ್ದಾರೆ. ಇಂಥ ಸಕ್ಕರೆಯಿಂದ ಬರುವ ಕ್ಯಾಲರಿ ದಿನದ ಒಟ್ಟು ಕ್ಯಾಲರಿಯ ಶೇ 10ಕ್ಕಿಂತ ಕಡಿಮೆ ಇರಲಿ, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳ್ಳೆಯದು ಎನ್ನುತ್ತಾರೆ. 2000 ಕ್ಯಾಲರಿ ತಿನ್ನುವವರಿಗೆ ಶೇ 5 ಅಂದರೆ 25 ಗ್ರಾಂ, ಅಂದರೆ ಆರು ಟೀ ಚಮಚ. ಇಡೀ ಹಣ್ಣು ಈ ಲೆಕ್ಕದಲ್ಲಿ ಬರುವುದಿಲ್ಲ. ಹಾಗಾಗಿ ನನ್ನ ಮಾತು ಕೇಳುವುದಾದರೆ, ಸಂಜೆಗೆ ಇಡೀ ಹಣ್ಣು.

ಅಂಗಳ:
ಹಸಿರೆಲೆಯವರು ಹೇಳಿದ್ದು ಸರಿ. ನಾನು ಪ್ಯಾಕೆಟ್‌ಗಳ ಬಗ್ಗೆ ಹೇಳುತ್ತೇನೆ. ಗ್ರಾನೋಲಾ ಬಾರ್ ತಿರುಗಿಸಿ ಹಿಂದಿನ ಪಟ್ಟಿ ಓದಿ. ಯಾವುದು ಜಾಸ್ತಿ ಹಾಕಿದ್ದಾರೋ ಅದು ಮೊದಲು ಬರುತ್ತದೆ. ಗ್ಲೂಕೋಸ್ ಸಿರಪ್, ಡೆಕ್ಸ್ಟ್ರೋಸ್, ಫ್ರಕ್ಟೋಸ್, ಜೇನು ಅಂತ ಬೇರೆ ಬೇರೆ ಹೆಸರಿನಲ್ಲಿ ಸಕ್ಕರೆಯನ್ನು ಹಂಚಿಟ್ಟರೆ ಓಟ್ಸ್ ಮೊದಲ ಸಾಲಿಗೆ ಬಂದುಬಿಡುತ್ತದೆ, ನಾವು ಅದನ್ನು ನೋಡಿ ಖುಷಿಯಿಂದ ಕೊಳ್ಳುತ್ತೇವೆ. ಜೊತೆಗೆ ಕ್ಯಾಲರಿ ಎಷ್ಟಕ್ಕೆ ಬರೆದಿದ್ದಾರೆ ನೋಡಿ. ಕೆಲವು ಕಡೆ ಅರ್ಧ ಬಾರ್‌ಗೆ ಬರೆದಿರುತ್ತಾರೆ.

ಶುಗರ್ ಫ್ರೀ ಬಿಸ್ಕತ್ತಿನಲ್ಲಿ ಸಕ್ಕರೆ ಇಲ್ಲ, ಸರಿ. ಮೈದಾ ಮತ್ತು ಎಣ್ಣೆ ಎಲ್ಲಿ ಹೋಯಿತು? ಕೊಬ್ಬು ಗ್ರಾಂಗೆ 9 ಕ್ಯಾಲರಿ, ಸಕ್ಕರೆ ಗ್ರಾಂಗೆ 4. ಸಿಹಿಗೆ ಸಕ್ಕರೆ ಬದಲು ಮಾಲ್ಟಿಟಾಲ್ ಎಂಬ ಪದಾರ್ಥ ಹಾಕಿದ್ದರೆ ಅದಕ್ಕೂ ಕ್ಯಾಲರಿ ಇದೆ, ಜಾಸ್ತಿ ತಿಂದರೆ ಹೊಟ್ಟೆ ಕೆಡುತ್ತದೆ. ನನಗೆ ಕೆಟ್ಟಿದೆ. ಇನ್ನು ಸುಕ್ರಲೋಸ್, ಸ್ಟೀವಿಯಾದಂಥ ಸಿಹಿಕಾರಕಗಳನ್ನು ತೂಕ ಇಳಿಸಲು ಅಂತ ನೆಚ್ಚಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2023ರಲ್ಲಿ ಹೇಳಿದೆ. ಸಕ್ಕರೆ ಕಾಯಿಲೆ ಇರುವವರಿಗೆ ಆ ಸಲಹೆ ಅನ್ವಯಿಸುವುದಿಲ್ಲ, ಅವರು ಡಾಕ್ಟರನ್ನೇ ಕೇಳಲಿ.

ಬೆಳದಿಂಗಳು:
ಬರೀ ಹಣ್ಣು ಅನ್ನುವುದಕ್ಕೆ ನನ್ನ ಒಪ್ಪಿಗೆ ಇಲ್ಲ. ಚಾಕೊಲೇಟ್ ಬೇಕು ಅನಿಸಿದಾಗ ಸೇಬು ತಿಂದರೆ ಆಸೆ ಹೋಗುತ್ತದಾ? ನಾನು ಮೂರು ವಾರ ಹಾಗೆ ಮಾಡಿದೆ. ಸೇಬು ತಿನ್ನುತ್ತಿದ್ದೆ, ಆಮೇಲೆ ಖರ್ಜೂರ, ಆಮೇಲೆ ಬಾದಾಮಿ, ಕೊನೆಗೆ ರಾತ್ರಿ ಹತ್ತಕ್ಕೆ ಚಾಕೊಲೇಟೂ ತಿನ್ನುತ್ತಿದ್ದೆ, ಮರುದಿನ ಬೆಳಿಗ್ಗೆ ತುಂಬಾ ಬೇಜಾರಾಗುತ್ತಿತ್ತು. ಈಗ ಮಧ್ಯಾಹ್ನ ಊಟ ಆದ ಮೇಲೆ ಎರಡು ಚೌಕ ಡಾರ್ಕ್ ಚಾಕೊಲೇಟ್, ಕುಳಿತುಕೊಂಡು, ನಿಧಾನವಾಗಿ. 20 ಗ್ರಾಂ ಅಂದರೆ ಸುಮಾರು 120 ಕ್ಯಾಲರಿ. ಡಾರ್ಕ್ ಅಂತ ಕ್ಯಾಲರಿ ಕಡಿಮೆ ಇರುವುದಿಲ್ಲ, ಕೊಬ್ಬು ಜಾಸ್ತಿಯೇ ಇರುತ್ತದೆ, ಆದರೆ ಕಹಿ ಇರುವುದರಿಂದ ಎರಡಕ್ಕೇ ಸಾಕು ಅನಿಸುತ್ತದೆ. ಉಳಿದದ್ದನ್ನು ಒಳಗಿಟ್ಟ ಮೇಲೆಯೇ ತಿನ್ನಲು ಕೂರುತ್ತೇನೆ.

ಇನ್ನೊಂದು. ಊಟ ಅರ್ಧಕ್ಕೆ ಇಳಿಸಿದ್ದೇನೆ ಅಂದಿರಲ್ಲ, ಆ ಸಾಲು ಓದಿದಾಗಲೇ ನನಗೆ ಅನಿಸಿತು, ನಾಲ್ಕೂವರೆಗೆ ನಿಮಗೆ ಆಗುತ್ತಿರುವುದು ಬಾಯಿ ಚಪಲ ಅಲ್ಲ, ಹಸಿವು. ಊಟದಲ್ಲಿ ಪ್ರೋಟೀನ್ ಜಾಸ್ತಿ ಮಾಡಿ ನೋಡಿ, ಬೇಳೆ, ಮೊಟ್ಟೆ, ಮೊಸರು, ಯಾವುದಾದರೂ ಸರಿ. ರಾತ್ರಿ ನಿದ್ದೆ ಎಷ್ಟು? ನಿದ್ದೆ ಕಡಿಮೆಯಾದರೂ ಹಸಿವು ಏರುತ್ತದೆ.

ಮಳೆಹನಿ:
ನಿಮ್ಮ ಮಾತು ಓದಿ ನಿನ್ನೆ ತಿಂದಿದ್ದನ್ನೆಲ್ಲ ಬರೆದಿಟ್ಟೆ. ಆರು ಖರ್ಜೂರ, ಒಂದು ಬಾರ್, ಎರಡು ಬಿಸ್ಕತ್ತು. ಬಿಟ್ಟ ಕೇಕಿಗಿಂತ ಜಾಸ್ತಿಯೇ ಆಯಿತು. ನಿಜವಾಗಿಯೂ ಗೊತ್ತಿರಲಿಲ್ಲ. ಜೇನುತುಪ್ಪಕ್ಕೆ ನಾನು ಲೆಕ್ಕವೇ ಇಟ್ಟಿರಲಿಲ್ಲ. ನಿದ್ದೆ ಐದೂವರೆ ಗಂಟೆ, ಅದನ್ನೂ ಸರಿ ಮಾಡಿಕೊಳ್ಳಬೇಕು. ಒಂದು ಕೇಳಬೇಕಿತ್ತು, ಬರೀ ಹಣ್ಣು ತಿಂದರೆ ಅರ್ಧ ಗಂಟೆಗೆ ಮತ್ತೆ ಹಸಿವಾಗುತ್ತದಲ್ಲ, ಅದಕ್ಕೇನು ಮಾಡುವುದು?

ಹಸಿರೆಲೆ:
ಹಣ್ಣಿನ ಜೊತೆ ಪ್ರೋಟೀನ್ ಇರಲಿ. ಒಂದು ಬಟ್ಟಲು ಸಪ್ಪೆ ಮೊಸರು, ಅದರಲ್ಲಿ ಅರ್ಧ ಬಾಳೆಹಣ್ಣು, ಮೇಲೆ ಚಿಟಿಕೆ ದಾಲ್ಚಿನ್ನಿ ಪುಡಿ. ಬಾಳೆಹಣ್ಣು ಚೆನ್ನಾಗಿ ಮಾಗಿರಲಿ, ಆಗ ಸಕ್ಕರೆಯೇ ಬೇಡ. ಹಣ್ಣಿನ ಸ್ವಾದದ ಮೊಸರಿನ ಡಬ್ಬಿ ತರಬೇಡಿ, ಅದರಲ್ಲಿ ಸಕ್ಕರೆ ಹಾಕಿರುತ್ತಾರೆ. ಅಥವಾ ಒಂದು ಸೇಬು, ಹತ್ತು ಬಾದಾಮಿ. ಹತ್ತು ಅಂದರೆ ಎಣಿಸಿ ಹತ್ತು, ಅದರಲ್ಲೇ 70 ಕ್ಯಾಲರಿ ಇದೆ. ಖರ್ಜೂರ ಅಷ್ಟು ಇಷ್ಟ ಅಂದರೆ ಎರಡು ಇಟ್ಟುಕೊಳ್ಳಿ, ಬೀಜ ತೆಗೆದು ಒಳಗೆ ಬಾದಾಮಿ ಇಟ್ಟು ತಿನ್ನಿ. ಟೀಯ ಸಿಹಿಯನ್ನು ಸುಮ್ನೆ ಒಂದೇ ದಿನಕ್ಕೆ ನಿಲ್ಲಿಸಬೇಡಿ, ವಾರಕ್ಕೆ ಕಾಲು ಚಮಚದಂತೆ ಇಳಿಸಿ, ನಾಲಿಗೆ ಒಗ್ಗಿಕೊಳ್ಳುತ್ತದೆ.

ಮಳೆಹನಿ:
ತುಂಬಾ ಥ್ಯಾಂಕ್ಸ್. ಇವತ್ತು ಊಟಕ್ಕೆ ಎರಡು ಮೊಟ್ಟೆ ಸೇರಿಸಿದ್ದೆ, ಐದೂಕಾಲಿನವರೆಗೂ ಸಿಹಿ ನೆನಪಾಗಲಿಲ್ಲ. ಮೊಸರು, ಬಾಳೆಹಣ್ಣು ಈಗ ತಿಂದೆ, ಚೆನ್ನಾಗಿತ್ತು. ಮೂರು ವಾರ ಹೀಗೇ ಮಾಡಿ ತೂಕ ಎಷ್ಟಾಯಿತು ಅಂತ ಇಲ್ಲೇ ಬಂದು ಹಾಕುತ್ತೇನೆ.